ಮುಳುಗಿದ ನಾಟಕ, ತೇಲಿದ ಹಾಡು

ನಮ್ಮ ಎರೆಭೂಮಿಯ ಸೀಮೆಯಲ್ಲಿ ಮನೆ ಬಿದ್ದರೆ ಬಾಗಿಲನ್ನು ಮಣ್ಣಿನಲ್ಲಿ ಬಿಟ್ಟುಹೋಗುವ ರೂಢಿಯಿಲ್ಲ. ಎರೆಯೆಂದರೆ ಬೇಸಗೆಯಲ್ಲಿ ಬಾಯಿ ಬಿಡುವ, ಮಳೆಗಾಲದಲ್ಲಿ ಉಬ್ಬುವ ನೆಲ. ಅದರ ಮೇಲೆ ಎಷ್ಟು ಗಟ್ಟಿಯಾಗಿ ಗೋಡೆ ಎಬ್ಬಿಸಿದರೂ ಅದು ಒಂದಿಲ್ಲೊಂದು ದಿನ ಸೀಳು ಬಿಡುವುದೇ. ಗೋಡೆ ಕುಸಿದ ಮರುದಿನ ಮನೆಯ ಯಜಮಾನ ಮೊದಲು ಹುಡುಕುವುದು ತೊಲೆಗಳನ್ನು, ಕಂಬಗಳನ್ನು, ತಲೆಬಾಗಿಲಿನ ಚೌಕಟ್ಟನ್ನು. ಮಣ್ಣು ಝಾಡಿಸಿ, ತೊಳೆದು, ಎಣ್ಣೆ ಸವರಿ ಮತ್ತೊಂದು ಮನೆಗೆ ಅದನ್ನು ನಿಲ್ಲಿಸಿದರೆ ಇನ್ನೂ ಎರಡು ತಲೆಮಾರು ಅದಕ್ಕೆ ಭಯವಿಲ್ಲ. ಶಲವಡಿಯ ನಮ್ಮ ಸೋದರಮಾವನ ಮನೆಯ ತಲೆಬಾಗಿಲು ಹಾಗೆ ಬಂದದ್ದು. ಅದರ ಮೇಲೆ ಗಿಳಿ, ಬಳ್ಳಿ, ಒಂದು ಆನೆ ಕೊರೆದಿದ್ದವು. ಆನೆಯ ಸೊಂಡಿಲು ಯಾರದೋ ಕಾಲದಲ್ಲಿ ಮುರಿದಿತ್ತು. ಈ ಬಾಗಿಲು ಮೊದಲು ಯಾವ ಮನೆಯದಾಗಿತ್ತು ಎಂದು ನಾನು ಹುಡುಗನಿದ್ದಾಗ ಕೇಳಿದ್ದುಂಟು. "ಯಾವದೋ ಬಿದ್ದ ಮನೀದು" ಎಂದಷ್ಟೇ ಉತ್ತರ.

ನಾಟಕಗಳ ಗತಿಯೂ ಇದೇ ಎಂದು ನನಗೆ ಈಚೀಚೆಗೆ ಅನಿಸುತ್ತದೆ. ನಾಟಕ ಬೀಳುತ್ತದೆ. ಕಥೆ ಮಣ್ಣಾಗುತ್ತದೆ, ಮಾತು ಮಣ್ಣಾಗುತ್ತದೆ, ಬರೆದವನ ಹೆಸರೂ ಮಣ್ಣಾಗುತ್ತದೆ. ಆದರೆ ಒಂದು ಹಾಡು, ಅದರಲ್ಲೂ ಹಾಡಿನ ಧಾಟಿ, ಯಾರದೋ ಮನೆಯ ತಲೆಬಾಗಿಲಾಗಿ ಎದ್ದು ನಿಲ್ಲುತ್ತದೆ.

ಈ ವಿಚಾರ ನನಗೆ ಮೊದಲು ಹೊಳೆದದ್ದು ಶಲವಡಿಯಲ್ಲಿ ಅಲ್ಲ, ಮುಂಬಯಿಯಲ್ಲಿ. 1974ರ ಸುಮಾರಿಗೆ ನಾನಲ್ಲಿ ಒಂದು ಕಚೇರಿಯಲ್ಲಿ ಕಾರಕೂನನಾಗಿದ್ದೆ. ಮಾಹೀಮದ ಚಾಳಿನಲ್ಲಿ ನನ್ನ ಖೋಲಿಯ ಪಕ್ಕದಲ್ಲಿ ಗೋವೆಯ ಕಡೆಯ ಮುದುಕರೊಬ್ಬರು ಇದ್ದರು. ಸಿನಿಮಾದ ವಾದ್ಯಮೇಳದಲ್ಲಿ ಪಿಟೀಲು ಬಾರಿಸುವುದು ಅವರ ಕಸಬು. ವಾರವೆಲ್ಲ ಅನ್ನಕ್ಕಾಗಿ ಬಾರಿಸಿ, ರವಿವಾರ ಚರ್ಚಿನಿಂದ ಬಂದ ಮೇಲೆ ತಮ್ಮ ಸಂತೋಷಕ್ಕಾಗಿ ಬಾರಿಸುತ್ತಿದ್ದರು. ಒಂದು ರವಿವಾರ ಅವರು ಬಾರಿಸಿದ ಒಂದು ಧಾಟಿ ನನ್ನನ್ನು ಬಾಗಿಲಿಗೆ ಎಳೆದು ತಂದಿತು. ಒಂದು-ಎರಡು-ಮೂರು, ಒಂದು-ಎರಡು-ಮೂರು ಎಂದು ತೂಗುತ್ತ ಹೋಗುವ ಧಾಟಿ. ತೊಟ್ಟಿಲೂ ಅಲ್ಲ, ಕುಣಿತವೂ ಅಲ್ಲ, ಎರಡರ ನಡುವಿನದು.

"ಇದು ಯಾವ ನಾಟಕದ್ದು?" ಎಂದು ಕೇಳಿಬಿಟ್ಟೆ. ಧಾರವಾಡದ ಕಡೆಯವನ ಬಾಯಲ್ಲಿ ಆ ಪ್ರಶ್ನೆ ಸಹಜ. ನಮ್ಮಲ್ಲಿ ಒಳ್ಳೆಯ ಹಾಡು ಎಂದರೆ ಒಂದು ಶರಣರದು, ದಾಸರದು; ಇಲ್ಲವೆ ನಾಟಕದ್ದು. ಮುದುಕರು ಪಿಟೀಲು ಕೆಳಗಿಳಿಸಿ ನನ್ನನ್ನೇ ನೋಡಿದರು. ಇದು ನಾಟಕದ್ದೆಂದು ನಿಮಗೆ ಹೇಗೆ ಗೊತ್ತು ಎಂದು ಮರಾಠಿಯಲ್ಲಿ ಕೇಳಿದರು. ಆ ಹಾಡಿನ ಹೆಸರು ‘ದಕ್ಷಿಣದ ಗುಲಾಬಿಗಳು’. ಮಾಡಿದವರು ವಿಯೆನ್ನ ಪಟ್ಟಣದ ಯೋಹಾನ್ ಸ್ಟ್ರಾಸ್. ಅದು ಹುಟ್ಟಿದ್ದು ಈಗ ಯಾರೂ ಆಡದ ಒಂದು ಸಂಗೀತ ನಾಟಕದ ಹೊಟ್ಟೆಯಲ್ಲಿ. ಅಂದಿನಿಂದ ನನಗೆ ಈ ಸ್ಟ್ರಾಸ್ ಸಾಹೇಬನ ಗೀಳು ಹಿಡಿಯಿತು. ಮುಂದೆ ಪುಸ್ತಕಗಳಲ್ಲಿ ಓದಿಯೂ ಅಷ್ಟಿಷ್ಟು ತಿಳಿದುಕೊಂಡೆ.

ಸ್ಟ್ರಾಸ್ 1825ರಲ್ಲಿ ಹುಟ್ಟಿ 1899ರಲ್ಲಿ ತೀರಿಕೊಂಡವನು. ವಾಲ್ಟ್ಸ್ ಎಂಬ ಮೂರು ಮಾತ್ರೆಯ ಕುಣಿತದ ಸಂಗೀತದಲ್ಲಿ ಅವನನ್ನು ಮೀರಿಸಿದವರಿಲ್ಲ. ನಾಚಿನ ಮನೆಗಳಲ್ಲಿ ಮೇಳ ಕಟ್ಟಿ ಬಾರಿಸುತ್ತಿದ್ದವನಿಗೆ ಮನೆಯವರೂ ಗೆಳೆಯರೂ ನಾಟಕಕ್ಕೆ ಕೈಹಾಕೆಂದು ದುಂಬಾಲು ಬಿದ್ದರು. 1871ರಲ್ಲಿ ‘ಇಂಡಿಗೊ ಮತ್ತು ನಲವತ್ತು ಕಳ್ಳರು’ ಎಂಬ ಮೊದಲನೆಯ ಸಂಗೀತ ನಾಟಕ ವಿಯೆನ್ನದ ರಂಗವನ್ನೇರಿತು. ಅದರ ಕಥೆಗೆ ಎಷ್ಟು ಜನ ಕೈಹಾಕಿದ್ದರೋ ಏನೋ, ‘ಇಂಡಿಗೊ ಮತ್ತು ನಲವತ್ತು ಕಥೆಗಾರರು’ ಎಂದು ಊರವರು ಚೇಷ್ಟೆ ಮಾಡಿದರಂತೆ. ನಾಟಕ ಮೂಲೆಗೆ ಬಿತ್ತು. ಅದರ ಧಾಟಿಗಳನ್ನು ಆಯ್ದು ಅವನು ಕಟ್ಟಿದ ‘ಸಾವಿರದೊಂದು ರಾತ್ರಿ’ ಎಂಬ ವಾಲ್ಟ್ಸ್ ಮಾತ್ರ ಇಂದಿಗೂ ಬಾರಿಸಲ್ಪಡುತ್ತದೆ.

ಅವನು ಹದಿನೈದರಷ್ಟು ನಾಟಕಗಳಿಗೆ ಸಂಗೀತ ಕೊಟ್ಟ. ಅವುಗಳಲ್ಲಿ ಇಂದಿಗೂ ಕಾಲೂರಿ ನಿಂತಿರುವವು 1874ರ ‘ಬಾವಲಿ’, 1885ರ ‘ಜಿಪ್ಸಿ ದೊರೆ’. ಬೇಕಾದರೆ ‘ವೆನಿಸಿನಲ್ಲಿ ಒಂದು ರಾತ್ರಿ’ಯನ್ನೂ ಸೇರಿಸಬಹುದು. ಮಿಕ್ಕವುಗಳಿಗೆ ಕಥೆಯೇ ಕಂಟಕ. ಸ್ಟ್ರಾಸನಿಗೆ ಕಿವಿಯಿತ್ತು, ಕಥೆ ಆರಿಸುವ ಕಣ್ಣಿರಲಿಲ್ಲ ಎಂದು ಅವನ ಅಭಿಮಾನಿಗಳೇ ಹೇಳುತ್ತಾರೆ. ಆದರೆ ಅವನು ಬಡಿದಾಡುವ ಜಾತಿಯವನಲ್ಲ. ನಾಟಕ ರಂಗಕ್ಕೆ ಬಂದೊಡನೆ ಅದರ ಹಾಡುಗಳಲ್ಲಿ ಚೆಲುವಾದವನ್ನು ಹೆಕ್ಕಿ, ಮೂರನೆಯ ಅಂಕದ್ದನ್ನು ಮೊದಲನೆಯ ಅಂಕದ್ದರ ಪಕ್ಕದಲ್ಲಿಟ್ಟು, ಮುಂದೊಂದು ಪೀಠಿಕೆ, ಹಿಂದೊಂದು ಮಂಗಳ ಸೇರಿಸಿ, ಹಾಡುವವರೇ ಬೇಡದಂತೆ ಬರೀ ವಾದ್ಯಗಳಿಗೆ ಹೊಂದಿಸುತ್ತಿದ್ದ. ಪ್ರಕಾಶಕರು ಅದನ್ನು ಮನೆಯ ಪಿಯಾನೋಕ್ಕೂ ಅಚ್ಚು ಹಾಕಿ ಮಾರುತ್ತಿದ್ದರು. ನಾಟಕ ನೋಡದವರ ಮನೆಯಲ್ಲಿಯೂ ನಾಟಕದ ಧಾಟಿ ಹೋಗಿ ಕೂಡುತ್ತಿತ್ತು.

‘ದಕ್ಷಿಣದ ಗುಲಾಬಿಗಳು’ ಹುಟ್ಟಿದ್ದು 1880ರ ‘ರಾಣಿಯ ಕರವಸ್ತ್ರ’ ಎಂಬ ನಾಟಕದಿಂದ. ಪೋರ್ತುಗಾಲದ ರಾಣಿ ತನ್ನ ಕರವಸ್ತ್ರದ ಮೇಲೆ ಏನೋ ಬರೆಯುತ್ತಾಳೆ, ಅದು ಯಾರ ಕೈಗೋ ಸಿಕ್ಕು ಏನೇನೋ ಆಗುತ್ತದೆ. ಅದು ಕೆಲವು ಕಾಲ ಓಡಿತು, ಅಮೇರಿಕೆಗೂ ಹೋಯಿತು, ಆಮೇಲೆ ಮರೆವಿಗೆ ಸಂದಿತು. ವಾಲ್ಟ್ಸನ್ನು ಇಟಲಿಯ ದೊರೆ ಉಂಬರ್ತೊನಿಗೆ ಅರ್ಪಿಸಲಾಯಿತು. ರಾಣಿ ಹೋದಳು, ಕರವಸ್ತ್ರ ಹೋಯಿತು, ಗುಲಾಬಿ ಬಾಡಲಿಲ್ಲ.

ಇದಕ್ಕಿಂತ ನನಗೆ ಹೆಚ್ಚು ಇಷ್ಟವಾದದ್ದು ವೆನಿಸಿನ ನಾಟಕದ ಸಂಗತಿ. 1883ರ ಅಕ್ಟೋಬರ 3ರಂದು ಬರ್ಲಿನ್ನಿನಲ್ಲಿ ಅದರ ಮೊದಲ ಪ್ರಯೋಗ. ಕೊನೆಯ ಅಂಕದಲ್ಲೊಂದು ಚೆಲುವಾದ ವಾಲ್ಟ್ಸ್ ಹಾಡು. ಅದರ ಮಾತಿನಲ್ಲಿ ಮಾತ್ರ ಇರುಳಿನ ಬೆಕ್ಕುಗಳು ಮ್ಯಾವ್ ಎನ್ನುವ ಪ್ರಸ್ತಾಪ. ಮೊದಲೇ ಬೇಸತ್ತಿದ್ದ ಪ್ರೇಕ್ಷಕರಿಗೆ ಇಷ್ಟೇ ಸಾಕಾಯಿತು. ನಾಟಕಗೃಹದ ತುಂಬ ಮ್ಯಾವ್ ಮ್ಯಾವ್ ಎಂದು ಕೂಗು ಎದ್ದಿತು. ಸ್ಟ್ರಾಸನ ಮುಖ ಹೇಗಾಗಿದ್ದಿರಬೇಕು! ಆರೇ ದಿನಗಳಲ್ಲಿ, ವಿಯೆನ್ನದ ಪ್ರಯೋಗಕ್ಕೆ, ಅದೇ ಧಾಟಿಗೆ ಬೇರೆ ಮಾತು ಹಾಕಿದರು. ಜನ ತಲೆದೂಗಿದರು. ಆ ಧಾಟಿಯೇ ‘ಲಗೂನ್ ವಾಲ್ಟ್ಸ್’ ಎಂದು ಪ್ರಸಿದ್ಧವಾಯಿತು. ಅಂದರೆ ಧಾಟಿಯ ತಪ್ಪೇನೂ ಇರಲಿಲ್ಲ. ಅದು ಬೆಕ್ಕಿನ ಸಹವಾಸದಲ್ಲಿ ಸಿಕ್ಕಿಕೊಂಡಿತ್ತು, ಅಷ್ಟೆ.

ವಿಯೆನ್ನದ ಮಾತು ಸಾಕು. ನಮ್ಮ ಗಂಡುಮೆಟ್ಟಿನ ನಾಡಿನಲ್ಲಿ ನಾಟಕದ ಹಾಡಿನ ಚರಿತ್ರೆ ಇದಕ್ಕೇನು ಕಡಿಮೆಯೆ? ಹೊನ್ನಾವರದ ಬಳಿಯ ಕರ್ಕಿಯ ಯಕ್ಷಗಾನ ಮೇಳದವರು 1842ರ ಸುಮಾರಿಗೆ ಸಾಂಗಲಿಗೆ ಹೋಗಿ ಆಟ ತೋರಿಸಿದರು. ಅದನ್ನು ಕಂಡು 1843ರಲ್ಲಿ ವಿಷ್ಣುದಾಸ ಭಾವೆಯವರು ಮರಾಠಿಯಲ್ಲಿ ‘ಸೀತಾಸ್ವಯಂವರ’ ಆಡಿಸಿದರು. ಮರಾಠಿ ಸಂಗೀತ ನಾಟಕಕ್ಕೆ ತಳಹದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1880ರಲ್ಲಿ ಪುಣೆಯಲ್ಲಿ ಅವರು ಆಡಿಸಿದ ‘ಶಾಕುಂತಲ’ದಲ್ಲಿ ನೂರಕ್ಕೂ ಹೆಚ್ಚು ಹಾಡು. ಆ ಮರಾಠಿ ನಾಟಕಗಳ ಮೋಹ ನಮ್ಮವರನ್ನು ಎಷ್ಟು ಹಿಡಿಯಿತೆಂದರೆ, ಗದುಗಿನಲ್ಲಿ ಶಾಂತಕವಿಗಳು, ಅಂದರೆ ಸಕ್ಕರಿ ಬಾಳಾಚಾರ್ಯರು, ಹಟ ತೊಟ್ಟು ಕನ್ನಡದಲ್ಲಿ ನಾಟಕ ಬರೆದು ಮಂಡಳಿ ಕಟ್ಟಬೇಕಾಯಿತು. ಹೋದದ್ದು ಬಂದದ್ದು ಎಲ್ಲ ಒಂದೇ ದಾರಿಯಲ್ಲಿ. ಹಳೆಯ ಕನ್ನಡ ನಾಟಕದ ಪುಸ್ತಕ ತೆರೆದು ನೋಡಿರಿ: ಪ್ರತಿಯೊಂದು ಹಾಡಿನ ತಲೆಯ ಮೇಲೆ ಇಂಥ ರಾಗ, ಇಂಥ ತಾಳ, ಇಂಥ ಹಾಡಿನ ಧಾಟಿ ಎಂದು ಅಚ್ಚಾಗಿರುತ್ತದೆ. ಆ ‘ಇಂಥ ಹಾಡು’ ಇನ್ನೊಂದು ನಾಟಕದ್ದು. ಆ ನಾಟಕವನ್ನು ಹುಡುಕಿದರೆ ಅಲ್ಲಿಯೂ ಹಾಡಿನ ತಲೆಯ ಮೇಲೆ ಮತ್ತೊಂದರ ಹೆಸರು. ಬಿದ್ದ ಮನೆಯ ತೊಲೆ ಬಿದ್ದ ಮನೆಗೇ ಹೋಗಿ, ಅಲ್ಲಿಂದ ಮುಂದಕ್ಕೆ ಹೋಗಿದೆ.

ಹಾಡಷ್ಟೇ ಏಕೆ, ಹಾಡುವವರೂ ಹೀಗೆಯೇ ಎತ್ತಿಕೊಂಡು ಹೋಗಲ್ಪಟ್ಟವರು. ಮನಸೂರಿನ ಮಲ್ಲಿಕಾರ್ಜುನ ಎಂಬ ಹುಡುಗ ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಬಾಲಪಾತ್ರ ಮಾಡುತ್ತಿದ್ದ. ಅಲ್ಲಿ ಅವನ ಕಂಠ ಕೇಳಿದ ನೀಲಕಂಠಬುವಾ ಅವರು ಅವನನ್ನು ಶಿಷ್ಯನನ್ನಾಗಿ ಮಾಡಿಕೊಂಡು ಮಿರಜಿಗೆ ಕರೆದೊಯ್ದರು. ಆ ದಿನದ ನಾಟಕ ಇಂದು ಯಾರಿಗೆ ಬೇಕು? ಅದರ ಹುಡುಗ ಮಾತ್ರ ಪಂಡಿತ ಮಲ್ಲಿಕಾರ್ಜುನ ಮನಸೂರರಾಗಿ 1992ರವರೆಗೆ ನಮ್ಮ ಕಿವಿಗಳನ್ನು ಪಾವನಗೊಳಿಸಿದರು. ನಮ್ಮ ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು (1886-1952), ಅಬ್ದುಲ್ ಕರೀಮ ಖಾನರಲ್ಲಿ ಕಲಿತು, ಮರಾಠಿ ರಂಗದ ಮೇಲೆ ಸ್ತ್ರೀಪಾತ್ರ ಮಾಡಿ ಹೆಸರು ಪಡೆದರು. ಅವರ ಆ ಬಿರುದಿಗೂ ರಂಗಭೂಮಿಯೇ ಕಾರಣ. ಕೊನೆಗೆ ಊರಿಗೆ ಮರಳಿ ಕುಳಿತಾಗ ಹುಬ್ಬಳ್ಳಿಯಿಂದ ರೈಲಿನಲ್ಲಿ ಗಂಗೂಬಾಯಿ ಹಾನಗಲ್ಲರು ಪಾಠಕ್ಕೆ ಬಂದರು. ರೋಣದ ಭೀಮಸೇನ ಜೋಶಿಯವರು ಮನೆಯಲ್ಲೇ ಇದ್ದು ನೀರು ಹೊತ್ತು ಕಲಿತರು. ಏಣಗಿ ಬಾಳಪ್ಪನವರು ನೂರು ದಾಟಿದ ಮೇಲೂ ತಮ್ಮ ಹರೆಯದ ರಂಗಗೀತೆಗಳನ್ನು ಹಾಡುತ್ತಿದ್ದರು. ಆ ಹಾಡಿನ ನಾಟಕವನ್ನು ಕಂಡವರು ಸಭೆಯಲ್ಲಿ ಒಬ್ಬರೂ ಇರದಿದ್ದರೂ ‘ಒನ್ಸ್ ಮೋರ್’ ಎನ್ನುವವರಿಗೆ ಕೊರತೆಯಿರಲಿಲ್ಲ.

ವಾಚಕರು ಕ್ಷಮಿಸಬೇಕು. ಇಷ್ಟು ದೊಡ್ಡವರ ಹೆಸರೆಲ್ಲ ಹೇಳಿದ್ದು ಒಬ್ಬ ಸಣ್ಣವರ ಸಂಗತಿ ಹೇಳುವ ಧೈರ್ಯ ಬರಲೆಂದು. ನಾನು ಹೇಳಬೇಕೆಂದಿದ್ದದ್ದು ನಮ್ಮ ಸೋದರಮಾವನ ನಾಟಕದ ಮಾತು.

ಮಾವ ಶಲವಡಿಯ ಕಡೆ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು. ಊರ ಬಾಯಲ್ಲಿ ಮಾತ್ರ ಅವರು ‘ಪೇಟಿ ಮಾಸ್ತರ’. ಹಾರ್ಮೋನಿಯಮ್ಮಿಗೆ ನಮ್ಮಲ್ಲಿ ಪೇಟಿಯೆಂದೇ ಹೆಸರು. ಅವರದು ಕಾಲಪೇಟಿ, ಕಾಲಿನಿಂದ ತುಳಿಯುತ್ತ ಎರಡೂ ಕೈಯಿಂದ ಬಾರಿಸುವಂಥದು. ಸುಗ್ಗಿ ಮುಗಿದು ಬಿಳಿಜೋಳ, ಕಡಲೆ ಮನೆ ಸೇರಿ, ಹತ್ತಿಯ ದುಡ್ಡು ಕೈಗೆ ಬಂದ ಮೇಲೆ ನಮ್ಮ ಹಳ್ಳಿಗಳಿಗೆ ನಾಟಕದ ಹುಚ್ಚು ಹತ್ತುತ್ತದೆ. ಪರದೆ ಬಾಡಿಗೆಗೆ ಬರುತ್ತದೆ, ನಟಿಯರು ಗದಗ-ಹುಬ್ಬಳ್ಳಿಗಳಿಂದ ಬರುತ್ತಾರೆ, ಉಳಿದ ಪಾತ್ರವೆಲ್ಲ ಊರವರದೇ. ಎರಡು ತಿಂಗಳು ತಾಲೀಮು ಕೊಡುವವರು ಪೇಟಿ ಮಾಸ್ತರರು. ಹೀಗೆ ಸುತ್ತಲಿನ ಹತ್ತೂರುಗಳಿಗೆ ಬೇರೆಯವರ ನಾಟಕ ಕಲಿಸಿ ಕಲಿಸಿ ಮಾವನಿಗೆ ತಾನೂ ಒಂದು ಬರೆಯಬೇಕೆನಿಸಿತು. ಬರೆದರು. ಅಣ್ಣ ತಮ್ಮಂದಿರು ಪಾಲಾಗುವ ಕಥೆ. ಐದು ಅಂಕ, ಇಪ್ಪತ್ತೇಳು ಹಾಡು. 1962ರ ಜಾತ್ರೆಯ ಮರುದಿನ ರಾತ್ರಿ ಆಟ ಎಂದು ಗೊತ್ತಾಯಿತು. ಖರ್ಚೆಲ್ಲ ಮಾವನದೇ. ನಾಲ್ಕನೆಯ ಅಂಕವಾದ ಮೇಲೆ ಜನ ಆಹೇರಿ ಮಾಡುತ್ತಾರೆ. ಐದು ರೂಪಾಯಿ, ಹತ್ತು ರೂಪಾಯಿ ಎಂದು ಒಬ್ಬೊಬ್ಬರ ಹೆಸರು ಕೂಗಿ ಹೇಳುತ್ತಾರೆ. ಅದರಿಂದ ಸಾಲ ಮುಟ್ಟಿಸಬಹುದು ಎಂದು ಲೆಕ್ಕ. ಆ ಲೆಕ್ಕವನ್ನು ನಂಬಿ ಅತ್ತೆ ತನ್ನ ಕೈಯ ಪಾಟಲಿಗಳನ್ನು ಬಿಚ್ಚಿಕೊಟ್ಟಳು. ಅಣ್ಣಿಗೇರಿಯ ಒಬ್ಬ ಸಾವಕಾರರಲ್ಲಿ ಅವನ್ನು ಒತ್ತೆಯಿಟ್ಟು ನಾನೂರು ರೂಪಾಯಿ ತಂದರು.

ನನಗಾಗ ಹನ್ನೊಂದು ವರ್ಷ. ಓದುವುದರಲ್ಲಿ ಚುರುಕೆಂದು, ಪರದೆಯ ಮರೆಯಲ್ಲಿ ನಿಂತು ಮಾತು ಎತ್ತಿಕೊಡುವ ಕೆಲಸ ನನಗೆ ಬಂತು. ಊರ ಗೌಡರ ಮಕ್ಕಳಿಗೂ ಸಿಗದ ಮಾನ. ಒಂದು ಕಂದೀಲು, ಒಂದು ಕೈಬರಹದ ಪುಸ್ತಕ, ಕೂಡಲು ಒಂದು ಜೋಳದ ಚೀಲ ಕೊಟ್ಟಿದ್ದರು. ಮಾವ ನನ್ನ ಗದ್ದ ಹಿಡಿದು "ತಮ್ಮಾ, ಕಣ್ಣ ಪಿಳಕಿಸಬ್ಯಾಡ. ಇವರು ಯಾರಿಗೂ ಮಾತು ಬಾಯಾಗಿಲ್ಲ, ಎಲ್ಲಾ ನಿನ್ನ ಬಾಯಾಗೈತಿ" ಅಂದರು.

ಆಟ ಹತ್ತು ಗಂಟೆಗೆ ಸುರುವಾಗಬೇಕಾದದ್ದು ಗ್ಯಾಸಬತ್ತಿಯ ಜಾಳಿಗೆ ಸುಟ್ಟು ಹನ್ನೆರಡಕ್ಕೆ ಸುರುವಾಯಿತು. ಮೂರು ಅಂಕ ಚೆನ್ನಾಗಿಯೇ ನಡೆದವು. ನಾಲ್ಕನೆಯ ಅಂಕದಲ್ಲಿ ಮನೆಯಿಂದ ಹೊರದೂಡಲ್ಪಟ್ಟ ಸೊಸೆ ಬಾವಿಯ ಕಟ್ಟೆಯ ಮೇಲೆ ಕೂಸನ್ನು ತೊಡೆಯಲ್ಲಿಟ್ಟುಕೊಂಡು ಹಾಡುವ ಹಾಡು. ಪೀಲು ರಾಗ, ದಾದರಾ ತಾಳ. ದಾದರಾ ಎಂದರೆ ಮೂರು ಮೂರರ ಎರಡು ಪಾಲು, ಒಟ್ಟು ಆರು ಮಾತ್ರೆ. ಮಾಹೀಮದಲ್ಲಿ ಆ ಪಿಟೀಲು ನನ್ನನ್ನು ಬಾಗಿಲಿಗೆ ಎಳೆದದ್ದು ಏಕೆಂದು ಈಗ ತಿಳಿಯಿತಲ್ಲವೆ? ನಟಿ ಗದುಗಿನವಳು, ಒಳ್ಳೆಯ ಕಂಠ. ಹಾಡು ಸುರುವಾದದ್ದು ನನಗೆ ನೆನಪಿದೆ. ಮುಗಿದದ್ದು ನೆನಪಿಲ್ಲ. ನಾನು ಜೋಳದ ಚೀಲದ ಮೇಲೆ ನಿದ್ದೆ ಹೋಗಿದ್ದೆ.

ಮುಂದಿನದನ್ನು ಊರವರ ಬಾಯಿಂದಲೇ ನಾನು ಕೇಳಿದ್ದು. ಹಾಡು ಮುಗಿದೊಡನೆ ಭಾವನ ಪಾತ್ರದವರು ಬಂದು ನಿಂತರು. ಅವರು ಊರ ಎಣ್ಣೆಯ ವ್ಯಾಪಾರದವರು. ಗಾಣದ ಎತ್ತಿನಂತೆ ಮಾತನ್ನು ಹಿಂದಿನಿಂದ ಚುಚ್ಚಬೇಕು. ಮರೆಯಿಂದ ಮಾತು ಬರಲಿಲ್ಲ. ಅವರು ಮೀಸೆ ತಿರುವಿದರು, ಆಕಾಶ ನೋಡಿದರು. ರಂಗದ ಮುಂದೆ ಕುಳಿತಿದ್ದ ಮಾವ ಕ್ಷಣ ಹೊತ್ತು ಕಾದು, ಮತ್ತೆ ಅದೇ ಹಾಡಿನ ಧಾಟಿಯನ್ನು ಪೇಟಿಯ ಮೇಲೆ ಎತ್ತಿಕೊಂಡರು. ಪಳಗಿದ ನಟಿ, ಸಂಗತಿ ತಿಳಿದು ಮತ್ತೊಮ್ಮೆ ಹಾಡಿದಳು. ಭಾವ ಮತ್ತೂ ಮೂಕ. ಮೂರನೆಯ ಸಲ. ನಾಲ್ಕನೆಯ ಸಲ. ಗಂಡಸರಲ್ಲಿ ಯಾರೋ "ಈ ಹಾಡು ಮುಗಿಯೂದ್ರಾಗ ಹಿಂಗಾರಿ ಬಿತ್ತಗಿ ಬರತೈತಿ, ಏಳ್ರೋ" ಎಂದು ಕಂಬಳಿ ಝಾಡಿಸಿದರು. ನಗೆ ಎದ್ದಿತು. ನಗೆಯ ಹಿಂದೆ ಜನ ಎದ್ದರು. ಯಾರೋ ನನ್ನ ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸುವ ಹೊತ್ತಿಗೆ ಗಂಡಸರ ಕಡೆಯ ಮೈದಾನ ಬರಿದಾಗಿತ್ತು. ಆಹೇರಿ ಮಾಡುವವರೆಲ್ಲ ಆ ಕಡೆಯವರೇ. ಹೆಂಗಸರ ಕಡೆ ಮಾತ್ರ ಮೂವತ್ತು ನಾಲ್ವತ್ತು ಮಂದಿ ಉಳಿದಿದ್ದರು. ನಾಟಕದ ಮೇಲಿನ ಮಮತೆಯಿಂದಲ್ಲ. ತೊಡೆಯ ಮೇಲೆ ಮಕ್ಕಳು ಮಲಗಿದ್ದವು, ಎದ್ದರೆ ಅಳುತ್ತವೆ. ಐದನೆಯ ಅಂಕವನ್ನು ಅವರ ಮುಂದೆಯೇ ಆಡಿ ಮಂಗಳ ಹಾಡಿದರು. ಮೂಡಣ ಬೆಳ್ಳಗಾಗುತ್ತಿತ್ತು.

ಯಾರು ಮಲಗಿದ್ದರು, ಏಕೆ ಮಾತು ಬರಲಿಲ್ಲ ಎಂದು ಮಾವ ಕೇಳಲಿಲ್ಲ. ನಾನೂ ಹೇಳಲಿಲ್ಲ. ಮೂರು ದಿನ ಬಿಟ್ಟು ಅವರು ಪೇಟಿಯನ್ನು ಗೋಣೀತಟ್ಟಿನಲ್ಲಿ ಸುತ್ತಿ ಅಟ್ಟಕ್ಕೇರಿಸಿದರು. ಯಾವ ಊರಿನಿಂದ ಕರೆಯಲು ಬಂದರೂ "ಕೈ ನೋಯತಾವ್ರಿ" ಎಂದು ಕಳಿಸಿಬಿಡುತ್ತಿದ್ದರು. ನಾಟಕದ ಕೈಬರಹದ ಪುಸ್ತಕ ಎಲ್ಲಿ ಹೋಯಿತೋ ಕಾಣೆ. ಅತ್ತೆಯ ಕೈಯಲ್ಲಿ ಗಾಜಿನ ಬಳೆ ಮಾತ್ರ ಉಳಿದವು. ರಜೆಗೆ ಹೋದಾಗಲೆಲ್ಲ ಅವಳು ನನಗೆ ರೊಟ್ಟಿ ಬಡಿದು ಹಾಕುವಾಗ ಆ ಬಳೆಗಳ ಸಪ್ಪಳ ಕೇಳಿ ನನಗೆ ತುತ್ತು ಗಂಟಲಲ್ಲಿ ನಿಲ್ಲುತ್ತಿತ್ತು. ಅವಳು "ಯಾಕೋ ತಮ್ಮಾ, ಪಲ್ಲೆ ಖಾರ ಆಗೈತೇನು?" ಎಂದು ಮೊಸರು ಹಾಕುತ್ತಿದ್ದಳು.

ಹೀಗೆ ಆರು ವರ್ಷ. 1968ರಲ್ಲಿ ನಾನು ಧಾರವಾಡದಲ್ಲಿ ಕಾಲೇಜಿಗೆ ಸೇರಿದ್ದೆ. ದೀಪಾವಳಿಗೆ ಶಲವಡಿಗೆ ಹೋಗಿದ್ದೆ. ಮಧ್ಯಾಹ್ನದ ಹೊತ್ತು; ಅತ್ತೆ ಹಿತ್ತಲ ಬಾಗಿಲಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ನಡುವಿನ ಗೋಡೆಯ ಆಚೆ ನೆರೆಮನೆಯ ಸೊಸೆ ಕೂಸನ್ನು ತೂಗುತ್ತಿದ್ದಳು. ತೊಟ್ಟಿಲಿನ ಹಗ್ಗ ಕಿರ್ ಕಿರ್ ಎನ್ನುತ್ತಿತ್ತು. ಆ ಹಗ್ಗದ ಲಯಕ್ಕೆ ಅವಳು ಒಂದು ಜೋಗುಳ ಹೇಳುತ್ತಿದ್ದಳು. ಮಾತು ಬೇರೆ, ಸೋದರಮಾವ ಉಡಿದಾರ ತರುತ್ತಾನೆ, ಅಜ್ಜಿ ಕುಲಾವಿ ಹೊಲಿಯುತ್ತಾಳೆ ಎಂಬಂಥ ಮಾತು. ಆದರೆ ಧಾಟಿ ಅದೇ. ಪೀಲು, ದಾದರಾ. ಬಾವಿಯ ಕಟ್ಟೆಯ ಹಾಡು.

ಅತ್ತೆಯ ಕೈ ನಿಂತಿತು. ನಾನು ನೆಲ ನೋಡುತ್ತ ಕುಳಿತೆ. ಹಾಡು ಮುಗಿಯುವವರೆಗೆ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅತ್ತೆ ಮೆಲ್ಲಗೆ "ಓಣಿ ತುಂಬ ಇದನ್ನ ಹೇಳತಾರ. ಆ ರಾತ್ರಿ ನಾಕು ಸಲ ಕೇಳಿದ್ರಲ್ಲ, ಬಾಯಿಗೆ ಕುಂತಬಿಟ್ಟತಿ" ಅಂದಳು. ಸ್ವಲ್ಪ ತಡೆದು ಮತ್ತೊಂದು ಮಾತು ಹೇಳಿದಳು. "ನಿಮ್ಮ ಮಾವನೂ ಇದನ್ನ ಎಲ್ಲಿಂದ ತಂದಾರ ಅಂತಿ? ನಮ್ಮ ಅತ್ತಿ ನಸಕಿನ್ಯಾಗ ಬೀಸೂವಾಗ ಹಿಂಗ ಏನೋ ಗುನುಗತಿದ್ರು. ಅದಕ್ಕ ಪೇಟಿ ಹಚ್ಯಾರ."

ಸಂಜೆ ಮಾವ ಶಾಲೆಯ ಕಡೆಯಿಂದ ಬಂದು ಕಾಲು ತೊಳೆದು ಕುಳಿತಾಗ ಅತ್ತೆ ಚಹದ ಬಟ್ಟಲು ಇಟ್ಟು "ಏನರೀ, ಅಟ್ಟದಾಗ ಇಲಿ ಆಗ್ಯಾವ. ಆ ಪೇಟಿ ಒಂದಿಷ್ಟು ಇಳಸ್ರಿ, ತಿದಿ ಕಡದ ಹಾಕ್ಯಾವು" ಅಂದಳು. ಬೇರೆ ಏನೂ ಹೇಳಲಿಲ್ಲ. ಮಾವ ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು. ನಾನೇ ಏಣಿ ಹತ್ತಿ ಇಳಿಸಿದೆ. ತಿದಿಯಲ್ಲಿ ಎರಡು ಕಡೆ ನಿಜವಾಗಿಯೂ ಇಲಿ ಕಡಿದಿತ್ತು. ಹಿಟ್ಟಿನ ಅಂಟು, ಹಳೆಯ ಧೋತರದ ತುಂಡು ಹಚ್ಚಿ ಒಣಗಿಸಿ, ಲಕ್ಷ್ಮಿಪೂಜೆಯ ರಾತ್ರಿ ಮಾವ ಅದನ್ನು ತುಳಿದರು. ಮೊದಲು ಏನೇನೋ ಬಾರಿಸಿದರು. ಕೊನೆಗೆ ಅದನ್ನೇ ಬಾರಿಸಿದರು. ಗೋಡೆಯ ಆಚೆಯಿಂದ ನೆರೆಮನೆಯ ಸೊಸೆಯ ದನಿ ಸೇರಿಕೊಂಡಿತು, ಜೋಗುಳದ ಮಾತಿನಲ್ಲಿ. ಮಾವ ಕಣ್ಣು ಮುಚ್ಚಿಕೊಂಡು ಅವಳ ಶ್ರುತಿಗೆ ತಾವೇ ಬದಲಾಯಿಸಿಕೊಂಡರು.

ಪೇಟಿಯನ್ನು ಮುಚ್ಚುವಾಗ ನನ್ನತ್ತ ತಿರುಗದೆಯೇ ಅವರು ಅಂದರು: "ತಮ್ಮಾ, ಆವತ್ತ ನೀ ಮಲಗದಿದ್ರ ಈ ಹಾಡು ಒಮ್ಮೆ ಹೇಳಿ ಮುಗದ ಹೋಗತಿತ್ತು."

ಆರು ವರ್ಷ ಅವರಿಗೆ ಗೊತ್ತಿತ್ತು. ನಾನು ಏನಾದರೂ ಹೇಳಬೇಕಾಗಿತ್ತು. ಅಳು ಬಂದದ್ದರಿಂದ ಕಂದೀಲು ಎತ್ತಿಕೊಂಡು ಹೊರಗೆ ಹೋದೆ.

ಇದನ್ನು ಬರೆದು ಎಲ್ಲವೂ ಸುಖಾಂತವಾಯಿತೆಂದು ತೋರಿಸುವ ಮನಸ್ಸಿಲ್ಲ. ಪಾಟಲಿಗಳು ಅಣ್ಣಿಗೇರಿಯಿಂದ ತಿರುಗಿ ಬರಲಿಲ್ಲ. ಬಡ್ಡಿಗೆ ಬಡ್ಡಿ ಬೆಳೆದು ಮುಳುಗಿಹೋದವು. ನಾನು ಸಂಬಳ ತರುವಂತಾಗಿ, ಮುಂಬಯಿಯಿಂದ ಎರಡು ಬಳೆ ಮಾಡಿಸಿಕೊಂಡು ಹೋಗುವ ಹೊತ್ತಿಗೆ ಅತ್ತೆ ಇರಲಿಲ್ಲ. ಮಾವ ಮತ್ತೆ ನಾಟಕ ಕಲಿಸಿದರು, ಆದರೆ ಬರೆಯಲಿಲ್ಲ. ಇಪ್ಪತ್ತೇಳು ಹಾಡುಗಳಲ್ಲಿ ಇಪ್ಪತ್ತಾರು ಎಲ್ಲಿಯೋ ಕಳೆದುಹೋದವು. ಅವುಗಳಲ್ಲಿ ಇದಕ್ಕಿಂತ ಚೆಲುವಾದವು ಇದ್ದವೇನೋ. ಮಾವನಿಗೆ ಅವುಗಳೇ ಹೆಚ್ಚು ಪ್ರಿಯವಾಗಿದ್ದವೇನೋ. ಒಂದು ಉಳಿಯಿತೆಂದು ನಾವು ಹಿಗ್ಗುತ್ತೇವೆ; ಕಳೆದ ಇಪ್ಪತ್ತಾರರ ಲೆಕ್ಕ ಬರೆದವನಿಗೇ ಗೊತ್ತು. ಸ್ಟ್ರಾಸನಿಗೂ ಹೀಗೆಯೇ ಅನಿಸಿದ್ದಿರಬೇಕು. ತೊಲೆ ಸಿಕ್ಕಿತೆಂದು ಬಿದ್ದ ಮನೆಯ ದುಃಖ ಪೂರ್ತಿ ಹೋಗುವುದಿಲ್ಲ.

ಎರಡು ವರ್ಷದ ಹಿಂದೆ ಒಂದು ಹೆಸರಿಡುವ ಸಮಾರಂಭಕ್ಕೆಂದು ಶಲವಡಿಗೆ ಹೋಗಿದ್ದೆ. ಊರು ಬದಲಾಗಿದೆ. ಮಾಳಿಗೆಯ ಮನೆಗಳು ಕಡಿಮೆಯಾಗಿ ಸಿಮೆಂಟಿನವು ಎದ್ದಿವೆ. ತೊಟ್ಟಿಲಿಗೆ ಕೂಸನ್ನು ಹಾಕಿ ಹೆಂಗಸರು ಹಾಡು ಸುರುಮಾಡಿದರು. ಮೂರನೆಯದೋ ನಾಲ್ಕನೆಯದೋ, ಅದೇ ಬಂತು. ಮಾತು ಇನ್ನಷ್ಟು ಬದಲಾಗಿತ್ತು. ಸೋದರಮಾವ ಉಡಿದಾರದ ಬದಲು ಬೆಂಗಳೂರಿನಿಂದ ಏನನ್ನೋ ತರುತ್ತಿದ್ದ. ಲಯ ಮಾತ್ರ ಮೂರು ಮೂರು ಆರು. ಹಾಡು ಮುಗಿದ ಮೇಲೆ ನನ್ನಷ್ಟೇ ವಯಸ್ಸಾದ ಒಬ್ಬ ಮುದುಕಿಯ ಹತ್ತಿರ ಹೋಗಿ ಕೇಳಿದೆ:

"ಯವ್ವಾ, ಇದು ಯಾರು ಕಲಿಸಿದ ಹಾಡು?"

"ಯಾರ ಕಲಸ್ತಾರ್ರೀ? ಹಳೀದು. ನಮ್ಮವ್ವ ಹೇಳತಿದ್ಲು, ನಾವು ಹೇಳತೀವಿ."

"ಇದು ನಾಟಕದ ಹಾಡು. 1962ರಾಗ ಇದ ಊರಾಗ ಒಂದು ನಾಟಕ ಆಗಿತ್ತು, ಪೇಟಿ ಮಾಸ್ತರದು."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕಳು. "ನಾಟಕದ್ದ? ಸುಮ್ನಿರ್ರಿ ಯಪ್ಪಾ. ನಾಟಕದ ಹಾಡು ಹಿಂಗ ಇರಂಗಿಲ್ಲ. ಇದು ಅದಕ್ಕೂ ಹಿಂದಿಂದು."

ವಾದ ಮಾಡಲಿಲ್ಲ. ಬೀಸುವ ಕಲ್ಲಿನ ಮುಂದೆ ನಸುಕಿನಲ್ಲಿ ಗುನುಗುತ್ತಿದ್ದ ಮಾವನ ತಾಯಿಯನ್ನು ಲೆಕ್ಕಕ್ಕೆ ಹಿಡಿದರೆ ಅವಳ ಮಾತೇ ನಿಜ. ಅವರಿಗೆ ಯಾರಿಂದ ಬಂದಿತ್ತೋ, ಅದೂ ಯಾವ ಬಿದ್ದ ಮನೆಯದೋ. ಹೊರಗೆ ಬಂದು ಮಾವನ ಮನೆಯ ಕಡೆ ನಡೆದೆ. ಆ ಮನೆಯೂ ಈಗಿಲ್ಲ. ಒಂದು ಮಳೆಗಾಲದಲ್ಲಿ ಹಿಂದಿನ ಗೋಡೆ ಹೋಯಿತು, ಮುಂದಿನ ವರ್ಷ ಮಿಕ್ಕದ್ದು. ಆದರೆ ಅದೇ ಓಣಿಯ ತುದಿಯಲ್ಲಿ ಹೊಸದಾಗಿ ಕಟ್ಟಿದ ಒಂದು ಸಿಮೆಂಟಿನ ಮನೆಗೆ ಹಳೆಯ ತಲೆಬಾಗಿಲೊಂದನ್ನು ಬಣ್ಣ ಹಚ್ಚಿ ನಿಲ್ಲಿಸಿದ್ದಾರೆ. ಗಿಳಿ, ಬಳ್ಳಿ, ಸೊಂಡಿಲು ಮುರಿದ ಆನೆ. ಹೊಸ್ತಿಲ ಮೇಲೆ ಕುಳಿತಿದ್ದ ಹುಡುಗನನ್ನು ಈ ಬಾಗಿಲು ಎಲ್ಲಿಯದಪ್ಪಾ ಎಂದು ಕೇಳಿದೆ.

"ಗೊತ್ತಿಲ್ರೀ ಅಜ್ಜಾ, ಯಾವದೋ ಬಿದ್ದ ಮನೀದು" ಅಂದ.